ಗೋಡೆಯ ಮೇಲಿನ ಫೋಟೋದಿಂದ ಮುತ್ತಜ್ಜನ ಬದುಕಿನವರೆಗೆ: ಹಿರಿಯರ ಜಾಡು ಹಿಡಿಯುವ ಬಗೆ

ಗದಗ ಸೀಮೆಯ ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಒಂದು ಫೋಟೋ ತೂಗುತ್ತಿತ್ತು. ಕುರ್ಚಿಯಲ್ಲಿ ರುಮಾಲು ಸುತ್ತಿದ ದಪ್ಪ ಮೀಸೆಯ ಗಂಡಸು, ಅವನ ಮೊಣಕಾಲಿಗೆ ಒರಗಿ ನಿಂತ ನಾಲ್ಕೈದು ವರ್ಷದ ಹುಡುಗ, ಹಿಂದೆ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟು ನಿಂತ ಹೆಂಗಸು. ಗಂಡಸು ನನ್ನ ಮುತ್ತಜ್ಜ, ಹುಡುಗ ನನ್ನ ಅಜ್ಜ. ‘ಸ್ಟೇಷನ್ ಮಾಸ್ತರನಾಗಿದ್ದ, ಚಿಕ್ಕ ವಯಸ್ಸಿನಲ್ಲೇ ಹೋದ’ ಎಂಬ ಒಂದೇ ಸಾಲಿಗೆ ಮುತ್ತಜ್ಜನ ಬದುಕು ನಮ್ಮ ಮನೆಯಲ್ಲಿ ಇಳಿದಿತ್ತು. ಆ ಹೆಂಗಸು ಅವನ ಹೆಂಡತಿಯೋ ತಂಗಿಯೋ ಎಂಬುದು ಕೂಡ ಮನೆಯಲ್ಲಿ ಯಾರಿಗೂ ಖಚಿತವಿರಲಿಲ್ಲ.

ಆ ಸಾಲನ್ನು ಬದುಕಾಗಿ ಬಿಡಿಸಲು ನನಗೆ ಎರಡು ವರ್ಷ ಹಿಡಿಯಿತು. ದುಡ್ಡು ಹೆಚ್ಚು ಖರ್ಚಾಗಲಿಲ್ಲ. ಬೇಕಾದದ್ದು ತಾಳ್ಮೆ ಮತ್ತು ಸರಿಯಾದ ಕ್ರಮ. ಕ್ರಮ ಗೊತ್ತಿಲ್ಲದೆ ನಾನು ಕಳೆದುಕೊಂಡ ತಿಂಗಳುಗಳನ್ನು ನೀವು ಕಳೆದುಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಮನೆಯ ಕಥೆ, ಫೋಟೋ, ಸರ್ಕಾರಿ ಕಾಗದ ಈ ಮೂರರಲ್ಲಿ ಯಾವುದೊಂದನ್ನೂ ಒಂಟಿಯಾಗಿ ನಂಬಬೇಡಿ. ಒಂದು ಹೇಳಿದ್ದನ್ನು ಇನ್ನೊಂದರ ಮುಂದೆ ಇಟ್ಟು ಕೇಳಿ. ಮೂರೂ ಒಪ್ಪಿದ ಜಾಗದಲ್ಲಿ ಮಾತ್ರ ಕಾಲೂರಿ ನಿಲ್ಲಬಹುದು.

ಮೊದಲ ಹೆಜ್ಜೆ: ಫೋಟೋ ಉಳಿಯಲಿ

ಹುಡುಕಾಟದ ಹುಮ್ಮಸ್ಸಿನಲ್ಲಿ ಚೌಕಟ್ಟು ಬಿಚ್ಚಲು ಹೋಗಬೇಡಿ. ಹಳೆಯ ಫೋಟೋಗಳು ತೇವಕ್ಕೆ ಗಾಜಿಗೆ ಅಂಟಿಕೊಂಡಿರುತ್ತವೆ. ಎಳೆದರೆ ಮುಖದ ಪದರವೇ ಗಾಜಿನ ಜೊತೆ ಎದ್ದು ಬರುತ್ತದೆ. ಅಂಟಿದ್ದರೆ ಗಾಜಿನ ಸಮೇತವೇ ಪ್ರತಿ ಮಾಡಿಕೊಳ್ಳಿ. ಕಿಟಕಿಯ ಪಕ್ಕದ ಮಂದ ಬೆಳಕಿನಲ್ಲಿ, ಫ್ಲ್ಯಾಷ್ ಹಾಕದೆ, ಗಾಜಿನಲ್ಲಿ ನಿಮ್ಮದೇ ನೆರಳು ಕಾಣದ ಕೋನದಿಂದ ಮೊಬೈಲಿನಲ್ಲಿ ತೆಗೆದರೂ ಆರಂಭಕ್ಕೆ ಸಾಕು.

ಬಿಡಿ ಫೋಟೋ ಇದ್ದರೆ ಸ್ಕ್ಯಾನರ್ ಉತ್ತಮ. ಕನಿಷ್ಠ 600 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಅಳತೆ), ಅಂಗೈಗಿಂತ ಚಿಕ್ಕದಾದರೆ 1200. ಕಪ್ಪು ಬಿಳುಪಿನ ಫೋಟೋ ಆದರೂ ಬಣ್ಣದ ಸ್ಕ್ಯಾನ್ ಮಾಡಿಸಿ, ಕಾಗದದ ಕಂದು ಛಾಯೆಯೇ ಮುಂದೆ ಸುಳಿವಾಗುತ್ತದೆ. ಹಿಂಬದಿಯನ್ನೂ ಅಂಚುಗಳನ್ನೂ ಬಿಡಬೇಡಿ. ಚಿತ್ರದ ವಿವರ ಕಳೆಯದ ಟಿಫ್ ಕಡತವಾಗಿ ಮೂಲಪ್ರತಿ ಇಟ್ಟುಕೊಂಡು, ಹಂಚಲು ಬೇರೆ ಪ್ರತಿ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತಿ ಬಂದ ಚಿತ್ರ ಕುಗ್ಗಿರುತ್ತದೆ. ಅದರಲ್ಲಿ ಗುಂಡಿಯ ಮೇಲಿನ ಅಕ್ಷರ ಓದಲು ಸಾಧ್ಯವಿಲ್ಲ.

ಲ್ಯಾಮಿನೇಷನ್ ಮಾಡಿಸಲೇಬೇಡಿ. ಅಂಟು ಹಾಳೆಯ ಆಲ್ಬಮ್ಮೂ ಬೇಡ. ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್, ಅದೂ ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ನಿನ ಗೀರು ಎದುರಿನ ಮುಖದ ಮೇಲೆ ಏಳುತ್ತದೆ.

ಈಗ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಹಳೆಯ ಫೋಟೋಗೆ ಬಣ್ಣ ಹಚ್ಚಿ, ಮಸುಕಾದ ಮುಖವನ್ನು ಸ್ಪಷ್ಟ ಮಾಡಿಕೊಡುವ ಆ್ಯಪ್‌ಗಳಿವೆ. ಅವು ತೋರಿಸುವ ಕಣ್ಣು ಮೂಗು ನಿಮ್ಮ ಹಿರಿಯರದ್ದಲ್ಲ, ಯಂತ್ರ ಊಹಿಸಿ ತುಂಬಿದ್ದು. ಗೋಡೆಗೆ ಹಾಕಿಕೊಳ್ಳಲು ಅಡ್ಡಿಯಿಲ್ಲ, ಆದರೆ ಸಾಕ್ಷಿಯಾಗಿ ಬಳಸಬೇಡಿ, ಮೂಲದ ಜೊತೆ ಬೆರೆಸಿಡಬೇಡಿ.

ಎರಡನೆಯ ಹೆಜ್ಜೆ: ಮುಖ ಬಿಟ್ಟು ಉಳಿದದ್ದನ್ನೆಲ್ಲ ನೋಡಿ

ನಾವು ಫೋಟೋ ಕಂಡೊಡನೆ ಮುಖ ನೋಡುತ್ತೇವೆ, ಯಾರ ಹೋಲಿಕೆ ಎಂದು ಮಾತಾಡುತ್ತೇವೆ. ಕಾಲ ತಿಳಿಯುವುದು ಮುಖದಿಂದ ಅಲ್ಲ. ಒಂದು ಹಾಳೆ ತೆಗೆದುಕೊಂಡು ಫೋಟೋದಲ್ಲಿರುವ ಪ್ರತಿಯೊಂದು ವಸ್ತುವನ್ನೂ ಪಟ್ಟಿ ಮಾಡಿ: ಕುರ್ಚಿ, ಪರದೆ, ಚಪ್ಪಲಿ, ಕೋಲು, ಗಡಿಯಾರ, ಗುಂಡಿ, ಒಡವೆ.

ಮೊದಲು ಕಾಗದ. ತೆಳು ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿದ್ದು, ಒಟ್ಟು ಬಣ್ಣ ಹಳದಿ ಕಂದಿಗೆ ತಿರುಗಿದ್ದರೆ ಅದು ಮೊಟ್ಟೆಯ ಬಿಳಿಯ ಲೇಪದ ಆಲ್ಬುಮೆನ್ ಫೋಟೋ ಇರಬಹುದು. ಅದು ಬಹುಮಟ್ಟಿಗೆ 19ನೆಯ ಶತಮಾನದ್ದು. ಸುಮಾರು ನಾಲ್ಕೂಕಾಲು ಅಂಗುಲ ಅಗಲ, ಆರೂವರೆ ಅಂಗುಲ ಎತ್ತರದ ರಟ್ಟಿನ ಫೋಟೋಗಳನ್ನು ಕ್ಯಾಬಿನೆಟ್ ಕಾರ್ಡ್ ಎನ್ನುತ್ತಿದ್ದರು. ಓರೆಯಾಗಿ ಹಿಡಿದಾಗ ಕಪ್ಪು ಭಾಗಗಳಲ್ಲಿ ಕನ್ನಡಿಯಂಥ ಬೆಳ್ಳಿ ಹೊಳಪು ಕಂಡರೆ ಅದು ಜಿಲೆಟಿನ್ ಫೋಟೋ. 20ನೆಯ ಶತಮಾನದ ಕಪ್ಪು ಬಿಳುಪು ಚಿತ್ರಗಳೆಲ್ಲ ಹೆಚ್ಚಾಗಿ ಇವೇ. ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ್ದರೆ 1930ರ ದಶಕ ಅಥವಾ ಅದರ ನಂತರದ ಮೂರು ದಶಕಗಳನ್ನು ಯೋಚಿಸಿ. ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ ಇದ್ದರೆ ನಿಮ್ಮ ಅದೃಷ್ಟ. ಸ್ಟುಡಿಯೋ ಮುಚ್ಚಿಹೋಗಿದ್ದರೂ ಊರಿನ ಹೆಸರು ಸಿಕ್ಕಿತು, ಹುಡುಕಬೇಕಾದ ತಾಲ್ಲೂಕು ಸಿಕ್ಕಿತು.

ಇಲ್ಲೊಂದು ಮೋಸವಿದೆ, ನಾನೂ ಅದರಲ್ಲಿ ಬಿದ್ದಿದ್ದೆ. ಕಾಗದದ ವಯಸ್ಸೇ ಚಿತ್ರದ ವಯಸ್ಸಲ್ಲ. ಹಿರಿಯರು ತೀರಿಕೊಂಡ ಮೇಲೆ ಯಾವುದೋ ಗುಂಪು ಫೋಟೋದಿಂದ ಅವರ ಮುಖವನ್ನಷ್ಟೇ ದೊಡ್ಡದು ಮಾಡಿಸಿ, ಕುಂಚದಿಂದ ತಿದ್ದಿಸಿ, ಚೌಕಟ್ಟು ಹಾಕಿಸುವುದು ನಮ್ಮ ಕಡೆ ವಾಡಿಕೆ. ಭುಜದ ಗೆರೆ ವಿಚಿತ್ರವಾಗಿ ನುಣುಪಾಗಿದ್ದರೆ, ಹಿನ್ನೆಲೆ ಬರೀ ಬೂದು ಬಣ್ಣವಾಗಿದ್ದರೆ, ಮೂಲ ಫೋಟೋ ಎಲ್ಲೋ ಇನ್ನೊಬ್ಬ ಬಂಧುವಿನ ಟ್ರಂಕಿನಲ್ಲಿದೆ ಎಂದು ತಿಳಿಯಿರಿ. ಹೀಗೆ ಪ್ರತಿ ತೆಗೆಯುವಾಗ ಎಡಬಲ ಅದಲುಬದಲಾಗುವುದೂ ಉಂಟು. ಗಂಡಸರ ಅಂಗಿಯ ಗುಂಡಿಪಟ್ಟಿ, ಜನಿವಾರ ಇರುವ ಭುಜ, ಸೆರಗಿನ ದಿಕ್ಕು ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಮಾತು: ಕೂತ ವ್ಯಕ್ತಿಯ ಕಣ್ಣು ಮುಚ್ಚಿದ್ದು, ಹಾರಗಳು ವಿಪರೀತ ಇದ್ದರೆ ಅದು ತೀರಿಕೊಂಡ ಮೇಲೆ ತೆಗೆಸಿದ ಫೋಟೋ ಇರಬಹುದು. ಪಾರ್ಥಿವ ಶರೀರವನ್ನು ಕೂಡಿಸಿ ಅಲಂಕರಿಸುವ ಲಿಂಗಾಯತ ಮನೆಗಳಲ್ಲಿ ಇಂಥವು ಇರುತ್ತವೆ. ಆಗ ಆ ಫೋಟೋವೇ ಮರಣದ ದಿನದ ದಾಖಲೆ.

ಬಟ್ಟೆಯನ್ನು ನಂಬುವಾಗ ಎಚ್ಚರವಿರಲಿ. ಕೋಟು, ಕೈಗಡಿಯಾರ, ಕೊಡೆ, ಕೈಯಲ್ಲಿನ ಪುಸ್ತಕ ಎಷ್ಟೋ ಸಲ ಸ್ಟುಡಿಯೋದವರೇ ಕೊಟ್ಟದ್ದು. ಅದರಿಂದ ಸಿರಿತನ ಅಳೆಯಲಾಗದು, ಕಾಲವನ್ನಂತೂ ಅಳೆಯಬಹುದು. ಜೇಬಿನಿಂದ ಸರಪಳಿ ಇಳಿಬಿದ್ದ ಗಡಿಯಾರ ಹಳೆಯ ರೂಢಿ; ಗಂಡಸರ ಮಣಿಕಟ್ಟಿಗೆ ಗಡಿಯಾರ ಬಂದದ್ದು ಹೆಚ್ಚಾಗಿ ಮೊದಲ ಮಹಾಯುದ್ಧದ ನಂತರ. ತಲೆಯ ಮೇಲೆ ಗಾಂಧಿ ಟೊಪ್ಪಿಗೆ ಇದ್ದರೆ 1920ಕ್ಕಿಂತ ಹಿಂದೆ ಹೋಗುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ನನ್ನ ಮುತ್ತಜ್ಜನ ಸೊಂಟದ ಪಟ್ಟಿಯ ಮೇಲೊಂದು ಲೋಹದ ಬಿಲ್ಲೆ ಇತ್ತು. ಬರಿಗಣ್ಣಿಗೆ ಅದು ಬಿಳಿಯ ಚುಕ್ಕೆ. 1200 ಡಿಪಿಐ ಸ್ಕ್ಯಾನಿನಲ್ಲಿ ಹಿಗ್ಗಿಸಿದಾಗ ಇಂಗ್ಲಿಷ್ ಅಕ್ಷರಗಳು ಮೂಡಿದವು: ಎಂ ಆ್ಯಂಡ್ ಎಸ್‌ಎಂ. ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ. ಗದಗ, ಹುಬ್ಬಳ್ಳಿಯ ದಾರಿಯನ್ನು ಮೊದಲು ನಡೆಸುತ್ತಿದ್ದುದು ಸದರ್ನ್ ಮರಾಠಾ ರೈಲ್ವೆ. ಅದು ಮದ್ರಾಸ್ ರೈಲ್ವೆಯ ಜೊತೆ ಕೂಡಿ ಈ ಹೆಸರು ಪಡೆದದ್ದು 1908ರಲ್ಲಿ. 1951ರಲ್ಲಿ ಅದೂ ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು. ಅಂದರೆ ನಮ್ಮ ಫೋಟೋ 1908ಕ್ಕಿಂತ ಮೊದಲಿನದಾಗಿರಲು ಸಾಧ್ಯವೇ ಇಲ್ಲ. ಇಂಥ ಬಿಲ್ಲೆ ಕಟ್ಟುತ್ತಿದ್ದವರು ಪಾಯಿಂಟ್ಸ್‌ಮನ್, ಪೋರ್ಟರ್ ದರ್ಜೆಯ ಕೆಲಸಗಾರರು. ಮನೆಯ ‘ಸ್ಟೇಷನ್ ಮಾಸ್ತರ’ ಅಲ್ಲೇ ಅಲುಗಾಡಿದ. ನನಗೆ ಬೇಸರವಾಗಲಿಲ್ಲ. ಮಳೆ, ರಾತ್ರಿ ಎನ್ನದೆ ಹಳಿ ಬದಲಿಸುತ್ತಿದ್ದ ಮನುಷ್ಯ ಮೊದಲ ಸಲ ನನ್ನ ಕಣ್ಣಿಗೆ ಕಟ್ಟಿದ.

ಫೋಟೋದಲ್ಲಿ ಮಗು ಇದ್ದರೆ ಅದನ್ನೇ ಗಡಿಯಾರ ಮಾಡಿಕೊಳ್ಳಿ. ದೊಡ್ಡವರ ವಯಸ್ಸು ಊಹಿಸಿದರೆ ಹತ್ತು ವರ್ಷ ತಪ್ಪಬಹುದು, ಮಗುವಿನದು ಒಂದೆರಡು ವರ್ಷ ಮಾತ್ರ. ಶಾಲೆಯ ದಾಖಲೆಯಲ್ಲಿ ಅಜ್ಜನ ಹುಟ್ಟು 1911. ಹುಡುಗನಿಗೆ ನಾಲ್ಕೈದು ವರ್ಷವಾದರೆ ಫೋಟೋ 1915 ಅಥವಾ 1916ರದ್ದು.

ಮೂರನೆಯ ಹೆಜ್ಜೆ: ಹಿರಿಯರ ಮುಂದೆ ಕೂರುವುದು

ಇದನ್ನು ನಾನು ಮೊದಲೇ ಮಾಡಬೇಕಿತ್ತು. ಕಚೇರಿಯ ಕಾಗದ ಇನ್ನೊಂದು ವರ್ಷ ಕಾಯುತ್ತದೆ, ತೊಂಬತ್ತರ ಸೋದರತ್ತೆ ಕಾಯುತ್ತಾರೆಂಬ ಭರವಸೆಯಿಲ್ಲ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಅವರಿಗೆ ಫೋನ್ ಮಾಡಿದರೂ ಸಂತೋಷ.

ಬರಿಗೈಯಲ್ಲಿ ಹೋಗಬೇಡಿ. ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ಅವರ ಮಡಿಲಲ್ಲಿಡಿ. ‘ಮುತ್ತಜ್ಜ ಯಾವಾಗ ಹುಟ್ಟಿದ?’ ಎಂದು ಕೇಳಿದರೆ ‘ನನಗೇನು ಗೊತ್ತು’ ಎಂಬ ಉತ್ತರ ಬರುತ್ತದೆ. ‘ಈ ಮನೆಯಲ್ಲಿ ಮೊದಲು ಎಷ್ಟು ಒಲೆ ಇದ್ದವು? ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು? ಮನೆದೇವರಿಗೆ ಯಾವ ಊರಿಗೆ ಹೋಗುತ್ತಿದ್ದಿರಿ?’ ಎಂದು ಕೇಳಿ. ಮನೆದೇವರ ಊರು ಬಹಳ ಸಲ ಮನೆತನ ಗುಳೆ ಹೊರಟ ಮೂಲ ಊರನ್ನೇ ತೋರಿಸುತ್ತದೆ. ಬೆಡಗು, ಗೋತ್ರ, ಬಳಿ ಯಾವುದು ನಿಮ್ಮ ಮನೆತನದ ರೂಢಿಯೋ ಅದನ್ನೂ ಕೇಳಿ ಬರೆದುಕೊಳ್ಳಿ. ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿ, ಮಧ್ಯದಲ್ಲಿ ಬಾಯಿ ಹಾಕಬೇಡಿ. ಒಂದು ಗಂಟೆಗೆ ಅವರು ದಣಿಯುತ್ತಾರೆ. ಎದ್ದು ಬಂದು ಇನ್ನೊಂದು ದಿನ ಹೋಗಿ, ನಡುವೆ ಅವರಿಗೆ ತಾನಾಗಿ ನೆನಪಾದದ್ದೇ ಹೆಚ್ಚು ಬೆಲೆಯದ್ದು.

ನಮ್ಮ ಸೋದರತ್ತೆ ಫೋಟೋವನ್ನು ಬಹಳ ಹೊತ್ತು ನೋಡಿದರು. ಮುಖ ನೋಡಿ ಏನೂ ಹೇಳಲಿಲ್ಲ. ಕುರ್ಚಿಯ ಬೆನ್ನಿನ ಮೇಲಿದ್ದ ಕೈಯ ಮೇಲೆ ಬೆರಳಿಟ್ಟರು. ಆ ಕೈಯ ಕಿರುಬೆರಳು ಒಳಕ್ಕೆ ಮಡಿಚಿಕೊಂಡಿತ್ತು. ಹೆಂಗಸು ನಾಚಿ ಹಾಗೆ ಹಿಡಿದಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ‘ಇದು ನಮ್ಮ ಅಜ್ಜಿ. ಈ ಬೆರಳು ನೀಟಾಗುತ್ತಲೇ ಇರಲಿಲ್ಲ. ಇದೇ ಕೈಯಲ್ಲಿ ನಮಗೆ ರೊಟ್ಟಿ ಬಡಿದು ಹಾಕುತ್ತಿದ್ದಳು’ ಎಂದರು. ಆಮೇಲೆ ತೋಳಿನ ವಂಕಿ ತೋರಿಸಿ, ‘ಅಜ್ಜ ಹೋದ ಮೇಲೆ ಒತ್ತೆ ಇಟ್ಟದ್ದು, ಬಿಡಿಸಿಕೊಳ್ಳುವುದು ಆಗಲೇ ಇಲ್ಲವಂತೆ’ ಎಂದರು. ಫೋಟೋದ ಮೂರನೆಯ ವ್ಯಕ್ತಿ ಮುತ್ತಜ್ಜಿಯೆಂದು ತಿಳಿದದ್ದು ಹೀಗೆ.

ನಾಲ್ಕನೆಯ ಹೆಜ್ಜೆ: ನೆನಪಿನ ಕಾಲವನ್ನು ಇಸವಿಗೆ ತರುವುದು

ಹಿರಿಯರು ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. ಪ್ಲೇಗು ಬಂದಾಗ, ಕನ್ನಂಬಾಡಿ ಕಟ್ಟೆ ಕಟ್ಟುವಾಗ, ಗಾಂಧಿ ಬಂದಾಗ, ಉಳುವವನೇ ಒಡೆಯ ಆದಾಗ. ಇವಕ್ಕೆಲ್ಲ ಇಸವಿ ಇದೆ. ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಕೃಷ್ಣರಾಜಸಾಗರದ ಕೆಲಸ ಶುರುವಾದದ್ದು 1911ರಲ್ಲಿ. ಗೇಣಿದಾರರಿಗೆ ಭೂಮಿ ಸಿಕ್ಕ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು.

ಜಾತಕ, ಹಳೆಯ ಪತ್ರಗಳಲ್ಲಿ ಸಂವತ್ಸರದ ಹೆಸರು ಸಿಕ್ಕರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ ಎಂಬುದು ನೆನಪಿರಲಿ. ಧಾತು, ಈಶ್ವರ ಎಂದರೆ 1876ರಿಂದ 1878ರ ಭೀಕರ ಬರದ ವರ್ಷಗಳು. 1936–38ಕ್ಕೂ ಅವೇ ಹೆಸರುಗಳು. ಸಂವತ್ಸರ ಯುಗಾದಿಗೆ ಶುರುವಾಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ದಿನಗಳು ಹಿಂದಿನ ಸಂವತ್ಸರಕ್ಕೆ ಸೇರುತ್ತವೆ. ಶಕ ವರ್ಷ ಇದ್ದರೆ 78 ಕೂಡಿಸಿ. ಹೈದರಾಬಾದ್ ಸಂಸ್ಥಾನದ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ, ಅದಕ್ಕೆ 590 ಕೂಡಿಸಿದರೆ ಇಸವಿ ಹತ್ತಿರ ಬರುತ್ತದೆ.

ಸೋದರತ್ತೆ ‘ಅಜ್ಜ ದೊಡ್ಡ ಜ್ವರದಲ್ಲಿ ಹೋದ, ಕಾಳಯುಕ್ತಿಯಲ್ಲಿ’ ಎಂದಿದ್ದರು. ಕಾಳಯುಕ್ತಿ ಎಂದರೆ 1918–19. ನಮ್ಮ ಗದಗ ಆಗ ಸೇರಿದ್ದ ಮುಂಬೈ ಪ್ರಾಂತ್ಯವನ್ನು ಇನ್‌ಫ್ಲುಯೆಂಜಾ ಅತಿ ಹೆಚ್ಚು ಬಾಧಿಸಿದ್ದು 1918ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಓದು ಬರಹ ಬಾರದ ಹೆಂಗಸರು ಬಾಯಿಂದ ಬಾಯಿಗೆ ದಾಟಿಸಿದ ಒಂದೇ ಪದ ನೂರು ವರ್ಷ ಕೆಡದೆ ಬಂದಿತ್ತು.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಮೇಷ್ಟ್ರು ಬರೆದುಕೊಂಡ ದಿನ ಎಂದೇ ತಿಳಿಯಿರಿ. ವರ್ಷವೂ ಒಂದೆರಡು ಹಿಂದೆ ಮುಂದೆ ಇರಬಹುದು. ಆದರೂ ಆ ಪುಸ್ತಕ ಬಿಡಬೇಡಿ, ತಂದೆಯ ಕಸುಬು ಮತ್ತು ಹಿಂದಿನ ಶಾಲೆಯ ಊರು ಅಲ್ಲಿರುತ್ತದೆ.

ಐದನೆಯ ಹೆಜ್ಜೆ: ಹೆಳವರನ್ನು ಕಾಯಿರಿ, ಹುಡುಕಿ

ಉತ್ತರ ಕರ್ನಾಟಕದ ಮನೆತನಗಳಿಗೆ ಒಂದು ಭಾಗ್ಯವಿದೆ. ಎತ್ತಿನ ಮೇಲೆ ಕೂತು ಬಂದು, ಅಂಗಳದಲ್ಲಿ ನಿಂತು ವಂಶಾವಳಿ ಹೇಳುತ್ತಿದ್ದ ಹೆಳವರು ಇಂದಿಗೂ ಇದ್ದಾರೆ. ಈಗ ವಾಹನದಲ್ಲಿ ಬರುತ್ತಾರೆ, ಕೈಯಲ್ಲಿ ದಪ್ಪ ಪುಸ್ತಕ ಇರುತ್ತದೆ. ಲಿಂಗಾಯತ, ಕುರುಬ ಮುಂತಾದ ಮನೆತನಗಳನ್ನು ತಲೆಮಾರುಗಳಿಂದ ಹಂಚಿಕೊಂಡು ನಡೆಸಿಕೊಂಡು ಬಂದವರು ಇವರು. ನಿಮ್ಮ ಮನೆಯ ಹೆಳವರು ಯಾರೆಂದು ಊರಿನ ಹಿರಿಯರಿಗೆ, ನಿಮ್ಮದೇ ಬೆಡಗಿನ ಬೇರೆ ಮನೆಯವರಿಗೆ ಕೇಳಿ. ಸುಗ್ಗಿ ಮುಗಿದ ಮೇಲೆ ಅವರ ಸಂಚಾರ ಹೆಚ್ಚು. ಕಾಳು, ಬಟ್ಟೆ, ಕಾಣಿಕೆ ಕೊಡುವುದು ಪದ್ಧತಿ. ಅದನ್ನು ಮನಸಾರೆ ಕೊಡಿ. ಓದಿದ್ದನ್ನು ಮುದ್ರಿಸಿಕೊಳ್ಳಲು ಕೇಳಿ, ಪುಸ್ತಕದ ಫೋಟೋ ತೆಗೆಯುವ ಮುಂಚೆ ಮಾತ್ರ ತಪ್ಪದೆ ಅನುಮತಿ ಪಡೆಯಿರಿ. ಅದು ಅವರ ಆಸ್ತಿ, ಅವರ ಅನ್ನ.

ನಮ್ಮ ಹೆಳವರು ಮುತ್ತಜ್ಜನ ಮೇಲೆ ಇನ್ನೂ ಐದು ತಲೆಮಾರು ಓದಿದರು. ನಾನು ಕೇಳಿಯೇ ಇರದ ಇಬ್ಬರು ಅಣ್ಣಂದಿರು ಹೊರಬಂದರು. ಹೆಂಗಸರ ಹೆಸರು ಒಂದೂ ಇರಲಿಲ್ಲ. ವಂಶಾವಳಿಯ ದೊಡ್ಡ ಕೊರತೆಯೇ ಇದು, ಗಂಡುಸಂತಾನದ ಗೆರೆ ಮಾತ್ರ ಉದ್ದವಾಗುತ್ತದೆ. ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಗೆರೆ ತಾಯಿಯ ಕಡೆಯಿಂದ ಇಳಿಯುತ್ತದೆ, ಅಲ್ಲಿ ಹುಡುಕುವ ದಿಕ್ಕೇ ಬೇರೆ. ಕೊಡಗಿನಲ್ಲಾದರೆ ಮನೆತನದ ಮೂಲ ಮನೆಯಾದ ಐನ್‌ಮನೆಯಿಂದ ಶುರುಮಾಡಿ. ಕಾಶಿ, ಗಯೆಗೆ ಹೋಗಿಬಂದ ಮನೆತನವಾದರೆ ಅಲ್ಲಿನ ಪಂಡಾಗಳ, ಅಂದರೆ ತೀರ್ಥಪುರೋಹಿತರ, ವಹಿಯಲ್ಲಿ ಹಿರಿಯರ ಹೆಸರು ಇರಬಹುದು.

ಆರನೆಯ ಹೆಜ್ಜೆ: ಕಾಗದದ ಬೆನ್ನು ಹತ್ತುವುದು

1956ರ ನವೆಂಬರ್ 1ಕ್ಕೆ ಮೊದಲು ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಎಂದು ಮೊದಲು ತಿಳಿದುಕೊಳ್ಳಿ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದವು. ಹಳೆಯ ಕಾಗದ ಮರಾಠಿಯಲ್ಲಿ, ಅದನ್ನು ಕೂಡಿಸಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲೂ ಇರಬಹುದು. ಕಲಬುರಗಿ, ರಾಯಚೂರು, ಬೀದರ್ ನಿಜಾಮರದ್ದು, ಅಲ್ಲಿ ಉರ್ದು. ದಕ್ಷಿಣ ಕನ್ನಡ ಮದ್ರಾಸಿನದು. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ. ಇದು ತಿಳಿಯದೆ ನಾನು ತಪ್ಪು ಬಾಗಿಲು ಬಡಿದು ಒಂದು ಬೇಸಿಗೆ ಕಳೆದೆ.

ಸಾಮಾನ್ಯ ರೈತ ಕುಟುಂಬಕ್ಕೆ ಅತ್ಯಂತ ಫಲ ಕೊಡುವುದು ಜಮೀನಿನ ದಾಖಲೆ. ಇಂದಿನ ಪಹಣಿಯ ಸರ್ವೆ ನಂಬರ್ ಹಿಡಿದು ಹಿಂದಕ್ಕೆ ನಡೆಯಿರಿ. ಗಣಕೀಕೃತ ಪಹಣಿ ಸಿಗುವುದು ಸುಮಾರು 2000ದಿಂದೀಚೆಗೆ ಮಾತ್ರ. ಅದಕ್ಕೂ ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಕೊಟ್ಟು ಕೈಬರಹದ ಉತಾರ ಮತ್ತು ಹಕ್ಕು ಬದಲಾವಣೆಯ ನಕಲು ಕೇಳಬೇಕು. ಅರ್ಜಿಯಲ್ಲಿ ‘ಹಳೆಯ ದಾಖಲೆ ಕೊಡಿ’ ಎಂದು ಬರೆದರೆ ಕೆಲಸವಾಗದು. ಗ್ರಾಮ, ಹೋಬಳಿ, ಸರ್ವೆ ನಂಬರ್, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಬಿಡಿಸಿ ಬರೆಯಿರಿ. ಮರಣದ ಅಂದಾಜು ವರ್ಷ ನಿಮ್ಮ ಕೈಯಲ್ಲಿದ್ದರೆ, ಅದರ ಮುಂದಿನ ಎರಡು ವರ್ಷಗಳ ವಾರಸಾ ನಮೂದು ಹುಡುಕಿಸಿ. ಗಂಡಸು ಸತ್ತಾಗ ಯಾರ ಹೆಸರಿಗೆ ಹೊಲ ಹೋಯಿತು, ಮಕ್ಕಳೆಷ್ಟು, ಯಾರು ಅಪ್ರಾಪ್ತರು ಎಂಬುದು ಆ ನಾಲ್ಕು ಸಾಲಿನಲ್ಲಿರುತ್ತದೆ. ಆಸ್ತಿ ಮಾರಿದ, ಒತ್ತೆ ಇಟ್ಟ ಪತ್ರಗಳಿಗೆ ಉಪನೋಂದಣಿ ಕಚೇರಿ ನೋಡಿ.

ಮುತ್ತಜ್ಜನ ವಾರಸಾ ನಮೂದು ನಮಗೆ ಸಿಕ್ಕಿತು, 1919ರ ಆರಂಭದ್ದು. ಅಜ್ಜನ ಹೆಸರಿನ ಮುಂದೆ ‘ಅ.ಪಾ.ಕ.’ ಎಂದು ಬರೆದು ಒಬ್ಬ ಹೆಂಗಸಿನ ಹೆಸರಿತ್ತು. ಮುಂಬೈ ಪ್ರಾಂತ್ಯದ ದಾಖಲೆಗಳಲ್ಲಿ ಅದರ ವಿಸ್ತಾರ ‘ಅಜ್ಞಾನ ಪಾಲನ ಕರ್ತಾ’. ವಯಸ್ಸಿಗೆ ಬಾರದ ಮಗುವಿನ ಪಾಲಕಿ ಎಂದರ್ಥ. ‘ಎ.ಕು.ಮ್ಯಾ.’ ಎಂದು ಕಂಡರೆ ಏಕತ್ರ ಕುಟುಂಬದ ಮ್ಯಾನೇಜರ್. ಈ ಸಣ್ಣ ಅಕ್ಷರಗಳನ್ನು ದಾಟಿ ಹೋಗಬೇಡಿ, ಹೆಂಗಸರು ದಾಖಲೆಯೊಳಗೆ ಬರುವುದು ಬಹುಪಾಲು ಈ ಕಿಂಡಿಯಿಂದಲೇ.

ಹಿರಿಯರು ನೌಕರಿಯಲ್ಲಿದ್ದರೆ ಸೇವಾ ಪುಸ್ತಕ, ಭವಿಷ್ಯನಿಧಿಯ ಕಾಗದ, ಪಿಂಚಣಿ ಆದೇಶ ಮನೆಯ ಟ್ರಂಕಿನ ತಳದಲ್ಲೇ ಇರಬಹುದು, ಮೊದಲು ಅಲ್ಲಿ ನೋಡಿ. ಸೈನ್ಯದಲ್ಲಿದ್ದು ಮಹಾಯುದ್ಧಗಳಲ್ಲಿ ಮಡಿದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನ ಮತ್ತು ಮದುವೆಯ ದಫ್ತರಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತನ್ನ ಫೋಟೋಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಜೋಪಾನವಾಗಿಟ್ಟು ಅಂತರ್ಜಾಲದಲ್ಲೂ ತೆರೆದಿದೆ. ಮಂಗಳೂರು, ಧಾರವಾಡ, ಹುಬ್ಬಳ್ಳಿ ಕಡೆಯ ಮಿಷನ್ ಶಾಲೆ, ಕಾರ್ಖಾನೆಗಳಲ್ಲಿ ಹಿರಿಯರು ಇದ್ದವರು ಅದನ್ನು ನೋಡದೆ ಇರಬಾರದು.

ಏಳನೆಯ ಹೆಜ್ಜೆ: ಒಂದೇ ಹಾಳೆಯ ಮೇಲೆ

ಸಿಕ್ಕಿದ್ದನ್ನೆಲ್ಲ ವರ್ಷದ ಕ್ರಮದಲ್ಲಿ ಬರೆಯಿರಿ. ಪ್ರತಿ ಸಾಲಿನ ಪಕ್ಕ ಅದು ಎಲ್ಲಿಂದ ಬಂತು ಎಂದು ಗುರುತು ಹಾಕಿ: ಕಥೆ, ಫೋಟೋ, ಕಾಗದ. ಬರೀ ಕಥೆಯೆಂದು ಗುರುತಾದ ಸಾಲುಗಳನ್ನು ಅಳಿಸಬೇಡಿ, ಪ್ರಶ್ನಾರ್ಥಕ ಹಾಕಿ ಬಿಡಿ. ಹೊಂದದ ಎರಡು ಸಾಲು ಎದುರಾದರೆ ಇಷ್ಟವಾದದ್ದನ್ನು ಆರಿಸಿಕೊಳ್ಳದೆ ಎರಡನ್ನೂ ಉಳಿಸಿ.

ನಮ್ಮ ಹಾಳೆಯಲ್ಲಿ ಹಾಗೆ ಹೊಂದದೆ ಉಳಿದದ್ದು ಮುತ್ತಜ್ಜಿಯ ಹೆಸರೇ. ವಾರಸಾ ನಮೂದಿನಲ್ಲಿ ಇದ್ದದ್ದು ಒಂದು, ಸೋದರತ್ತೆ ಹೇಳಿದ್ದು ಇನ್ನೊಂದು. ಬೇರೆ ಯಾರದೋ ದಾಖಲೆ ಕೈಗೆ ಬಂತೇ ಎಂದು ಹೆದರಿದೆ. ಅವಳ ತವರು ನಮ್ಮ ಊರಿಂದ ಹನ್ನೆರಡು ಮೈಲಿ. ಅಲ್ಲಿಗೆ ಹೋಗಿ ಅವಳ ತಮ್ಮನ ಮೊಮ್ಮಗನನ್ನು ಕಂಡು, ಫೋಟೋ ತೋರಿಸಿದಾಗ ಅವರು ಸೋದರತ್ತೆ ಹೇಳಿದ ಹೆಸರನ್ನೇ ಹೇಳಿದರು. ಮದುವೆಯಲ್ಲಿ ಗಂಡನ ಮನೆಯವರು ಹೆಸರು ಬದಲಿಸಿದ್ದರು. ಹೊಲದ ಕಾಗದಕ್ಕೆ ಹೋದದ್ದು ಆ ಹೆಸರು. ಅವಳು ಮಾತ್ರ ಮೊಮ್ಮಕ್ಕಳಿಗೆ ತನ್ನ ತವರಿನ ಹೆಸರನ್ನೇ ಹೇಳಿಕೊಟ್ಟಿದ್ದಳು. ಹೆಂಗಸರ ಜಾಡು ಹಿಡಿಯುವಾಗ ಎರಡು ಊರು, ಎರಡು ಹೆಸರು ಹುಡುಕಬೇಕೆಂದು ನಾನು ಕಲಿತದ್ದು ಆ ಮನೆಯ ಕಟ್ಟೆಯ ಮೇಲೆ ಕೂತು.

ಮೊನ್ನೆ ಯುಗಾದಿಗೆ ಊರಿಗೆ ಹೋದಾಗ ಫೋಟೋದ ಹಿಂದಿನ ರಟ್ಟನ್ನು ಮೆಲ್ಲಗೆ ಸರಿಸಿ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆವು: ಸುಮಾರು 1915–16, ಎಂ ಆ್ಯಂಡ್ ಎಸ್‌ಎಂ ರೈಲ್ವೆ, ಎಡದಿಂದ ಮೂವರ ಹೆಸರು. ಮುತ್ತಜ್ಜಿಯದು ಬರುವಾಗ ಪೆನ್ಸಿಲನ್ನು ಸೋದರತ್ತೆಯ ಕೈಗೆ ಕೊಟ್ಟೆ. ಅವರು ನಡುಗುವ ಅಕ್ಷರದಲ್ಲಿ ಎರಡೂ ಹೆಸರು ಬರೆದರು, ತವರಿನದನ್ನು ಮೊದಲು.